ನಡುವಿನ ಗೆರೆ

‘ದೇವನೊಬ್ಬ ನಾಮ ಹಲವು’ ಎಂಬ ಮಾತು ನಮ್ಮ ಊರಿನ ಯಾವ ವೇದಿಕೆಯಲ್ಲೂ ತಪ್ಪುವುದಿಲ್ಲ. ಗಣಪತಿ ಪೆಂಡಾಲಿನಲ್ಲಿ ಹೇಳುತ್ತಾರೆ, ಇಫ್ತಾರ್ ಕೂಟದಲ್ಲಿ ಹೇಳುತ್ತಾರೆ, ಕ್ರಿಸ್ಮಸ್ ಕೇಕ್ ಕತ್ತರಿಸುವಾಗಲೂ ಹೇಳುತ್ತಾರೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೂ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾಗಿ, ಈಗ ದಾವಣಗೆರೆಯ ಎಂ.ಸಿ.ಸಿ. ‘ಬಿ’ ಬ್ಲಾಕಿನ ಮನೆಯಲ್ಲಿ ಓದು, ಪೂಜೆ, ನೆರೆಹೊರೆ ಎಂದು ದಿನ ಕಳೆಯುತ್ತಿರುವ ನನಗೆ ಆ ಮಾತು ಸಾಲದು ಅನ್ನಿಸುತ್ತದೆ. ಯಾಕೆ ಸಾಲದು ಎಂಬುದಕ್ಕೆ ಸಾಕ್ಷಿ ಇಲ್ಲಿಂದ ಸುಮಾರು 14 ಕಿಲೋಮೀಟರ್ ದೂರದ ಹರಿಹರದಲ್ಲಿ ನಿಂತಿದೆ.

ಹರಿಹರೇಶ್ವರನನ್ನು ನೋಡಿದವರಿಗೆ ಗೊತ್ತು: ಬಲ ಅರ್ಧ ಶಿವ, ಎಡ ಅರ್ಧ ವಿಷ್ಣು. ಇಬ್ಬರನ್ನೂ ಕಲಸಿ ಮೂರನೆಯವನೊಬ್ಬನನ್ನು ಶಿಲ್ಪಿ ಮಾಡಲಿಲ್ಲ. ಹರ ಹರನಾಗಿಯೇ ಉಳಿದ, ಹರಿ ಹರಿಯಾಗಿಯೇ ಉಳಿದ. ದೇಹ ಒಂದು, ಆದರೆ ನೋಡುವ ಕಣ್ಣಿಗೆ ನಡುವೆ ಗೆರೆಯೊಂದು ಹಾದುಹೋಗುತ್ತದೆ. ಸ್ಥಳಪುರಾಣವೂ ಇದನ್ನೇ ಹೇಳುತ್ತದೆ. ಗುಹಾಸುರ ತಪಸ್ಸು ಮಾಡಿ ಬ್ರಹ್ಮನಿಂದ ವರ ಪಡೆದ, ಹರಿಯಿಂದಲೂ ಸಾವು ಬೇಡ, ಹರನಿಂದಲೂ ಸಾವು ಬೇಡ ಎಂದು. ಅವನ ಉಪಟಳ ತಾಳಲಾರದಾದಾಗ ಇಬ್ಬರೂ ಕೂಡಿ ಒಂದೇ ರೂಪ ತಾಳಬೇಕಾಯಿತು. ಈ ಕಥೆ ನನಗೆ ಬಹಳ ಹಿಡಿಸುತ್ತದೆ. ಇಲ್ಲಿ ದೇವರು ಒಂದಾದದ್ದು ಯಾವುದೋ ಸಿದ್ಧಾಂತವನ್ನು ಸಾಧಿಸಲಿಕ್ಕಲ್ಲ, ಜನರ ಸಂಕಟ ಕಳೆಯಲಿಕ್ಕೆ.

ತುಂಗಭದ್ರೆಯ ದಡದ ಈ ಗುಡಿಯನ್ನು 1224ರ ಹೊತ್ತಿಗೆ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ಮುಂದೆ ಇದಕ್ಕೆ ಇನ್ನಷ್ಟು ಸೇರಿಸಿದವನು ಸೋಮನಾಥಪುರ ಕಟ್ಟಿಸಿದ ಸೋಮ ದಂಡನಾಯಕ. ಹರಿಹರ ರೂಪ ಹೊಯ್ಸಳರ ಕಾಲಕ್ಕೆ ಹೊಸದೇನಲ್ಲ. ಬಾದಾಮಿಯ ಗುಹೆಗಳಲ್ಲಿ ಚಾಲುಕ್ಯರ ಶಿಲ್ಪಿಗಳು ಆರನೆಯ ಶತಮಾನದಲ್ಲೇ ಅದನ್ನು ಕಡೆದಿದ್ದರು. ಆದರೆ ಈ ರೂಪದ ಹೆಸರನ್ನೇ ಊರಿಗೆ ಇಟ್ಟುಕೊಂಡ ಜನ ನಮ್ಮ ಹರಿಹರದವರು.

ಪೋಲಾಳ್ವ ಕಲ್ಲು ತರಿಸುವುದಕ್ಕೆ ಸುಮಾರು ಅರವತ್ತು ವರ್ಷ ಮೊದಲೇ ಕಲ್ಯಾಣದಲ್ಲಿ ಶರಣರು ಕಲ್ಲಿನ ಗುಡಿಯೇ ಬೇಡ ಎಂದಿದ್ದರು. ನಾನು ಆ ಶರಣರ ಮನೆತನದವಳು. ಬೆಳಿಗ್ಗೆ ಸ್ನಾನವಾದ ಮೇಲೆ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು, ಅದರ ಕಪ್ಪು ಕಂತಿಯ ಮೇಲೆ ದೃಷ್ಟಿ ನಿಲ್ಲಿಸಿ ಕೂರುತ್ತೇನೆ. ಅದಕ್ಕೆ ಮುಖವಿಲ್ಲ, ಕೈಯಿಲ್ಲ, ಆಯುಧವಿಲ್ಲ, ಹೆಂಡತಿಯಿಲ್ಲ. ಪೂಜಾರಿಯ ಹಂಗಿಲ್ಲ. ಹೆಂಗಸು ಮುಟ್ಟಬಾರದು ಎಂಬ ಕಟ್ಟಿಲ್ಲ. ಇಷ್ಟಲಿಂಗದಿಂದ ಪ್ರಾಣಲಿಂಗಕ್ಕೆ, ಅಲ್ಲಿಂದ ಭಾವಲಿಂಗಕ್ಕೆ ಹೋಗುವ ದಾರಿಯಲ್ಲಿ ಹೊರಗಿನ ಗುರುತು ಕ್ರಮೇಣ ಒಳಗಿನ ಅರಿವಾಗಬೇಕು. ಹರಿಹರೇಶ್ವರನ ಗುಡಿಗೆ ಹೊರಟಾಗಲೆಲ್ಲ ನಮ್ಮ ತಂದೆ, ‘ಅಂಗೈಯಾಗ ಲಿಂಗ ಇಟ್ಕಂಡು ಗುಡಿಗ್ಯಾಕವ್ವಾ?’ ಎನ್ನುತ್ತಿದ್ದರು. ಅದು ಗದರಿಕೆಯಲ್ಲ, ನಿಜವಾದ ಪ್ರಶ್ನೆ. ಈ ದಾವಣಗೆರೆಯ ವಿರಕ್ತಮಠದಲ್ಲೇ 1913ರಲ್ಲಿ ಮೃತ್ಯುಂಜಯಪ್ಪಗಳು, ಹರ್ಡೇಕರ ಮಂಜಪ್ಪನವರು ಸೇರಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆರಂಭಿಸಿದ್ದು. ಇಂಥ ಊರಿನಲ್ಲಿದ್ದು ಅಪ್ಪನ ಪ್ರಶ್ನೆಯನ್ನು ಹಗುರ ಮಾಡಲು ಬರುವುದಿಲ್ಲ. ಕಲ್ಲಿನ ಮೂರ್ತಿಯೂ ಅಂಗೈ ಲಿಂಗವೂ ಒಂದೇ ಎಂದುಬಿಟ್ಟರೆ, ಶರಣರು ಅಷ್ಟೆಲ್ಲ ಕಷ್ಟ ಉಂಡದ್ದು ಏತಕ್ಕೆ?

ನಾನು ಈಗಲೂ ಹರಿಹರಕ್ಕೆ ಹೋಗುತ್ತೇನೆ, ಬಿಲ್ವವನ್ನೂ ತುಳಸಿಯನ್ನೂ ಒಯ್ಯುತ್ತೇನೆ. ಅಲ್ಲಿ ಸಿಗುವುದು ಅಂಗೈಯಲ್ಲಿ ಸಿಗುವುದಲ್ಲ, ಅಂಗೈಯಲ್ಲಿ ಸಿಗುವುದು ಅಲ್ಲಿ ಇಲ್ಲ.

ನಮ್ಮ ಮನೆಯ ರವಿಕೆಗಳನ್ನು ಹೊಲಿದುಕೊಡುವ ಮುಸ್ಲಿಂ ಹೆಣ್ಣುಮಗಳೊಬ್ಬರಿದ್ದಾರೆ. ಬಿಗಿ ನೇಮದವರು, ಮಾತು ಮೆತ್ತಗೆ. ಒಮ್ಮೆ ಮೊಹರಂ ಸಮಯದಲ್ಲಿ ನಮ್ಮ ತವರಿನ ಹಳ್ಳಿಯ ‘ಅಲಾಯಿ ದೇವರ’ ವಿಚಾರ ಬಂತು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಪಂಜಾ ಹೊರುವವರು, ಸಕ್ಕರೆ ಓದಿಸುವವರು, ಅಲಾಯಿ ಕುಣಿಯುವವರು ಎಷ್ಟೋ ಕಡೆ ಹಿಂದೂಗಳೇ. ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದಾಗ ಅವರು ಸೂಜಿ ನಿಲ್ಲಿಸಿ, ‘ಅಕ್ಕಾ, ದೇವರು ಅನ್ಬ್ಯಾಡ್ರಿ. ನಮ್ಮಲ್ಲಿ ಅದು ದೊಡ್ಡ ಪಾಪ’ ಅಂದರು. ಅಲ್ಲಾಹನಿಗೆ ಜೊತೆಗಾರರಿಲ್ಲ, ರೂಪವಿಲ್ಲ, ಅವನು ಯಾರಿಂದಲೂ ಹುಟ್ಟಿದವನಲ್ಲ, ಅವನಿಂದ ಹುಟ್ಟಿದವರೂ ಇಲ್ಲ. ಅವನಿಗೆ 99 ಹೆಸರುಗಳುಂಟು, ದಯಾಳು, ಕ್ಷಮಿಸುವವನು, ಕೊಡುವವನು ಎಂದು. ಅವೆಲ್ಲ ಗುಣಗಳೇ ಹೊರತು ಅವತಾರಗಳಲ್ಲ. ಹಾಗಾದರೆ ಅವನು ಮನುಷ್ಯರಿಗೆ ಪ್ರಕಟವಾಗುವುದು ಹೇಗೆ ಎಂದು ಕೇಳಿದೆ. ‘ಮಾತಿನಾಗೆ’ ಅಂದರು. ಕುರಾನ್ ಅವರಿಗೆ ದೇವರ ವಿಷಯವಾಗಿ ಬರೆದ ಪುಸ್ತಕವಲ್ಲ, ದೇವರದೇ ಮಾತು. ಅರ್ಥ ತಿಳಿಯದವರೂ ಅದನ್ನು ಅರಬ್ಬಿಯಲ್ಲೇ ಬಾಯಿಪಾಠ ಮಾಡುವುದೇಕೆ ಎಂದು ಅಂದು ತಿಳಿಯಿತು. ಮೂರ್ತಿಯ ಮುಂದೆ ಕಣ್ಣು ಮಾಡುವ ಕೆಲಸವನ್ನು ಅಲ್ಲಿ ಕಿವಿಯೂ ನಾಲಿಗೆಯೂ ಮಾಡುತ್ತವೆ.

ಹರಿಹರದ ಆರೋಗ್ಯ ಮಾತೆ ಮೇರಿಯ ಚರ್ಚಿನ ಕಥೆ ಬೇರೆಯೇ. ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ, 2019ರಲ್ಲಿ, ಆ ಚರ್ಚು ಬೆಸಿಲಿಕಾ ಆಯಿತು. ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲ ಜಾತಿಯ ಹೆಂಗಸರೂ ಹರಕೆ ಹೊತ್ತು ಹೋಗುತ್ತಾರೆ. ನಮ್ಮತ್ತೆಯೂ ಹೋಗುತ್ತಿದ್ದರು. ಅವರ ಪಾಲಿಗೆ ಊರದೇವತೆ ದುಗ್ಗಮ್ಮ ಹೇಗೋ ಮಾತೆಯೂ ಹಾಗೇ, ಒಬ್ಬ ಅಮ್ಮ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನೆರೆಮನೆಯ ಕ್ಯಾಥೊಲಿಕ್ ಸಿಸ್ಟರ್ ಒಬ್ಬರು ನನಗೆ ನಿಧಾನವಾಗಿ ಬಿಡಿಸಿ ಹೇಳಿದರು: ‘ಮಾತೆ ದೇವರಲ್ಲ ಟೀಚರ್. ನಮಗೋಸ್ಕರ ಮಗನ ಹತ್ತಿರ ಬೇಡಿಕೊಳ್ಳಿ ಅಂತ ಅವರನ್ನ ಕೇಳ್ತೀವಿ.’ ಯೇಸುವನ್ನು ನಾವು ಹನ್ನೊಂದನೆಯ ಅವತಾರದಂತೆ ಸಲೀಸಾಗಿ ಸೇರಿಸಿಕೊಳ್ಳುತ್ತೇವೆ. ಅದು ಅವರ ನಂಬಿಕೆಯಲ್ಲ. ನಮ್ಮ ವಿಷ್ಣು ಯುಗಯುಗಕ್ಕೂ ಬರುತ್ತಾನೆ, ಕೆಲಸ ಮುಗಿಸಿ ಹೋಗುತ್ತಾನೆ. ಅವರ ದೇವರು ಒಂದೇ ಸಲ ಮನುಷ್ಯನಾದ, ಒಬ್ಬ ಬಡ ಹೆಣ್ಣುಮಗಳ ಹೊಟ್ಟೆಯಲ್ಲಿ ಹುಟ್ಟಿ, ಹಸಿದು, ಅತ್ತು, ಕಳ್ಳರ ನಡುವೆ ಶಿಲುಬೆಯ ಮೇಲೆ ಸತ್ತ. ಆ ‘ಒಂದೇ ಸಲ’ ಎಂಬುದನ್ನು ತೆಗೆದುಬಿಟ್ಟರೆ ಅವರ ಧರ್ಮದಲ್ಲಿ ಉಳಿಯುವುದು ಕಡಿಮೆ.

ಭೇದವನ್ನು ಅಜ್ಞಾನ ಎಂದು ತಳ್ಳಿಹಾಕದ ದೊಡ್ಡ ದಾರ್ಶನಿಕರು ನಮ್ಮ ನಾಡಿನಲ್ಲೇ ಆಗಿಹೋಗಿದ್ದಾರೆ. ಹರಿಹರದ ಗುಡಿ ಕಟ್ಟಿದ ಶತಮಾನದಲ್ಲೇ ಬಾಳಿದ ಮಧ್ವರು ಪಂಚಭೇದ ಹೇಳಿದರು. ಜೀವನಿಗೂ ಈಶ್ವರನಿಗೂ, ಜೀವ ಜೀವಕ್ಕೂ ಇರುವ ಭೇದ ಸತ್ಯ ಎಂದರು. ಅವರ ತಾರತಮ್ಯ ನನಗೆ ಒಪ್ಪಿಗೆಯಿಲ್ಲ. ಭೇದವನ್ನು ಗಂಭೀರವಾಗಿ ತೆಗೆದುಕೊಂಡ ಆ ಧೈರ್ಯವನ್ನು ಮಾತ್ರ ಗೌರವಿಸುತ್ತೇನೆ.

ಬೇಲೂರಿನ ಕೇಶವನ ಗುಡಿಯ ಶ್ಲೋಕವನ್ನು ಎಲ್ಲರೂ ಉದಾಹರಿಸುತ್ತಾರೆ. ಶೈವರ ಶಿವ, ಬೌದ್ಧರ ಬುದ್ಧ, ಜೈನರ ಅರ್ಹಂತ ಎಲ್ಲವೂ ಆ ಕೇಶವನೇ ಎಂಬ ಭಾವದ್ದು. ಸುಂದರವಾದ ಭಾವ. ಆದರೆ ಜೈನರನ್ನು ಕೇಳಿದರೆ, ತಮ್ಮ ಅರ್ಹಂತ ಲೋಕವನ್ನು ಸೃಷ್ಟಿಸಿದವನೂ ಅಲ್ಲ, ವರ ಕೊಡುವವನೂ ಅಲ್ಲ, ಕರ್ಮ ಗೆದ್ದ ಜೀವ ಎನ್ನುತ್ತಾರೆ. ಹಾಗಾಗಿ ಪಾಠ ಮಾಡುವಾಗ ನಾನು ಹೆಚ್ಚು ಹೊತ್ತು ನಿಲ್ಲುತ್ತಿದ್ದುದು ಶ್ರವಣಬೆಳಗೊಳದ 1368ರ ಶಾಸನದ ಹತ್ತಿರ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಿತ್ತು, ಜೈನರು ಬುಕ್ಕರಾಯನಲ್ಲಿ ದೂರು ಕೊಟ್ಟರು. ರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಗಳಿಗೂ ಭೇದವಿಲ್ಲ ಎಂದ. ಅಷ್ಟಕ್ಕೇ ಬಿಟ್ಟಿದ್ದರೆ ಅದೂ ಒಂದು ವೇದಿಕೆಯ ಭಾಷಣವಾಗುತ್ತಿತ್ತು. ಆದರೆ ರಾಯ ಕಟ್ಟಳೆಗಳನ್ನೂ ಮಾಡಿದ: ಜೈನರಿಗೆ ಪಂಚಮಹಾವಾದ್ಯ, ಕಲಶಗಳ ಹಕ್ಕು ಮೊದಲಿನಂತೆ ಇರತಕ್ಕದ್ದು. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಎತ್ತಿ, ಬೆಳಗೊಳದ ದೇವರಿಗೆ 20 ಜನ ಕಾವಲಿನವರನ್ನು ಇಡತಕ್ಕದ್ದು. ಮಿಕ್ಕಿದ್ದರಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಹೊಡೆಸತಕ್ಕದ್ದು. ಇದರ ಉಸ್ತುವಾರಿ ಬಿದ್ದದ್ದು ವೈಷ್ಣವರ ತಾತಯ್ಯ ಎಂಬವರ ಮೇಲೆ. ಬಸದಿ ಬಸದಿಯಾಗಿಯೇ ಉಳಿಯಿತು. ಅದನ್ನು ಕಾಯುವ ಹೊಣೆ ನೆರೆಯವನಿಗೆ ಬಂತು.

ಈ ಕಥೆಗಳನ್ನೆಲ್ಲ ಹೊಲಿಗೆಯ ಆ ತಂಗಿಗೆ ಹೇಳಿ, ಹರಿಹರನ ಮೂರ್ತಿಯ ಹಾಗೆ ನಮ್ಮೆಲ್ಲರ ದೇವರುಗಳೂ ಒಂದೇ ಮೈಯ ಬೇರೆ ಬೇರೆ ಭಾಗವಿರಬಹುದೇ ಎಂದು ಕೇಳಿದೆ. ಅವರು ಒಪ್ಪಲಿಲ್ಲ. ‘ಅಲ್ಲಾಹಗೆ ಅರ್ಧ ಅನ್ನೋದಿಲ್ಲಕ್ಕಾ’ ಅಂದರು. ಅವರ ಉತ್ತರವನ್ನು ತಿದ್ದುವ ಅಧಿಕಾರ ನನಗಿಲ್ಲ. ನನ್ನ ನಂಬಿಕೆಯ ಚೌಕಟ್ಟಿಗೆ ಅವರ ದೇವರನ್ನು ಕೂರಿಸುವುದೂ ಒಂದು ಬಗೆಯ ಒತ್ತಾಯವೇ.

ಗಣಪತಿ ಹಬ್ಬಕ್ಕೂ ಈದ್ ಮಿಲಾದಿಗೂ ಮುಂಚೆ ಊರಲ್ಲಿ ಶಾಂತಿಸಭೆ ಕರೆಯುತ್ತಾರೆ. ಅಲ್ಲಿ ಎದ್ದು ನಿಲ್ಲುವ ಹಿರಿಯರಲ್ಲಿ ನನ್ನದೊಂದು ಬೇಡಿಕೆ. ದೇವರು ಒಬ್ಬನೋ ಹಲವರೋ ಎಂಬುದನ್ನು ಆ ಹೊತ್ತಿಗೆ ಬಿಡಿ. ಮೆರವಣಿಗೆ ಯಾವ ಬೀದಿ ಹಿಡಿದು ಹೋಗುತ್ತದೆ, ನಮಾಜಿನ ವೇಳೆಗೆ ಡಿಜೆ ಎಲ್ಲಿ ನಿಲ್ಲುತ್ತದೆ, ಗುಡಿಯ ಮುಂದೆ ಬಾವುಟ ಯಾರು ಹಿಡಿಯುತ್ತಾರೆ, ರಾತ್ರಿ ಬೀದಿಯ ತಿರುವಿನಲ್ಲಿ ಎರಡೂ ಕೇರಿಯಿಂದ ಯಾರು ಯಾರು ಕೂರುತ್ತಾರೆ ಎಂದು ಹೆಸರು ಹಿಡಿದು ಬರೆದುಕೊಂಡು ಎದ್ದೇಳಿ.