ಅಂಜಿದ ಮನಸ್ಸು

2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆಯು ಉಕ್ಕಿ ದಡದ ಊರುಗಳನ್ನು ಮುಳುಗಿಸಿದುದನ್ನು ವಾಚಕರು ಬಲ್ಲರು. ಆ ಸೀಮೆಯ ಬಾಲಕನೊಬ್ಬನು 2022ರಲ್ಲಿ ನಮ್ಮ ಪಾಠಶಾಲೆಗೆ ಸೇರಿದನು. ತಗಡಿನ ಮೇಲೆ ಮಳೆಯ ಸದ್ದಾದೊಡನೆ ಪುಸ್ತಕಗಳನ್ನು ಚೀಲಕ್ಕೆ ತುಂಬಿ ಬಾಗಿಲಿಗೆ ಓಡುತ್ತಿದ್ದನು. ಪಾಠ ತಪ್ಪಿಸುವ ಉಪಾಯವೆಂದು ಬಗೆದು ನಾನು ಗದರಿಸಿದೆನು. ಅಂದು ಹೇಳುತ್ತಿದ್ದ ಪಾಠವೋ, ದಯೆಯನ್ನು ಕುರಿತ ಬಸವಣ್ಣನವರ ವಚನ! ಪ್ರವಾಹದ ರಾತ್ರಿ ಆ ಚೀಲವೊಂದೇ ಅವನ ಕೈಯಲ್ಲಿ ಉಳಿದಿತ್ತೆಂದು ತಾಯಿಯಿಂದ ಆಮೇಲೆ ತಿಳಿಯಿತು.

ಆಘಾತಗೊಂಡ ಮನಸ್ಸಿಗೆ ಕಳೆದುದು ಕಳೆದುದಾಗಿ ತೋರುವುದಿಲ್ಲ. ಒಂದು ಸದ್ದು, ಒಂದು ವಾಸನೆ ಸಾಕು. ಬುದ್ಧಿಯು ವಿಚಾರಿಸುವ ಮೊದಲೇ ಎದೆ ಬಡಿದುಕೊಳ್ಳುವುದು, ಕಾಲು ಓಟಕ್ಕೆ ಅಣಿಯಾಗುವುದು. ಅಮೆರಿಕದ ಮನೋವೈದ್ಯರು 1980ರಲ್ಲಿ ಇದರ ತೀವ್ರ ರೂಪವನ್ನು ವ್ಯಾಧಿಗಳ ಪಟ್ಟಿಗೆ ಸೇರಿಸಿದರು. ಇಂತಹ ಅಂಜಿಕೆಯೆಲ್ಲವೂ ವ್ಯಾಧಿಯಲ್ಲ, ನಿಜ. ಆದರೆ ನಡತೆಯ ದೋಷವಂತೂ ಅಲ್ಲ. ದೋಷವಿಲ್ಲದಲ್ಲಿ ದಂಡನೆಗೆ ಎಡೆಯೆಲ್ಲಿ? ಹಾಗೆಂದು, "ಏನಾಯಿತು, ಹೇಳು" ಎಂದು ಕೆದಕುವುದೂ ದಯೆಯಲ್ಲ. ನಮ್ಮ ಕುತೂಹಲಕ್ಕಾಗಿ ನೊಂದವನು ಮತ್ತೊಮ್ಮೆ ಮುಳುಗಬೇಕೆ?

ಮರುದಿನದಿಂದ ಅವನನ್ನು ಬಾಗಿಲ ಬಳಿಯಲ್ಲಿಯೇ ಕುಳ್ಳಿರಿಸಿದೆನು. ಚೀಲವು ತೊಡೆಯ ಮೇಲಿತ್ತು. ಮಳೆ ಬಂದಿತು, ಪಾಠವೂ ನಡೆಯಿತು.