ಸುಗಮತೆಯೂ ಸತ್ಯವೂ

ಕಠಿನವಾದುದನ್ನು ಸುಲಭಗೊಳಿಸಿ ಕೊಡುವುದು ಉಪಕಾರವೋ ವಂಚನೆಯೋ ಎಂಬ ಪ್ರಶ್ನೆಯು ಗುರುಶಿಷ್ಯರ ಸಂಬಂಧದಷ್ಟೇ ಪುರಾತನವಾದುದು. ಕಲಿಯುವವನ ಮುಂದೆ ಸಮಸ್ತವನ್ನೂ ಒಮ್ಮೆಗೇ ಸುರಿದರೆ ಅವನು ಬೆದರಿ ಹಿಂದಿರುಗುವನು. ಸಮಸ್ತವನ್ನೂ ಮರೆಮಾಡಿದರೆ ಎಂದೆಂದಿಗೂ ಶಿಶುವಾಗಿಯೇ ಉಳಿಯುವನು. ಈ ಧರ್ಮಸಂಕಟವು ಗಣಕಯಂತ್ರದ ಲೋಕದಲ್ಲಿಯೂ ತಲೆದೋರಿತು.

ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸನು 1991ರಲ್ಲಿ ಲಿನಕ್ಸೆಂಬ ತಿರುಳನ್ನು ಪ್ರಕಟಿಸಿದನು. ಯಂತ್ರದ ಅಂಗಾಂಗಗಳನ್ನು ನಡೆಯಿಸುವ ಈ ತಿರುಳಿನ ಮೂಲಲಿಪಿಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಇದಕ್ಕೆ ಉಳಿದ ಉಪಕರಣಗಳನ್ನು ಕೂಡಿಸಿ ಬಳಕೆಗೆ ಅಣಿಮಾಡಿದ ಕಟ್ಟಿಗೆ ವಿತರಣೆಯೆಂದು ಹೆಸರು. 1993ರಲ್ಲಿ ಮೊದಲಾದ ಡೆಬಿಯನ್ ಇಂತಹದೊಂದು ಗಣ್ಯವಾದ ವಿತರಣೆ. ಆದರೆ ಅದನ್ನು ನೆಲೆಗೊಳಿಸುವಾಗ ಹೊಸಬನು ಉತ್ತರಿಸಲಾರದ ಪ್ರಶ್ನೆಗಳು ಎದುರಾಗುತ್ತಿದ್ದವು. ಆ ತಳಹದಿಯ ಮೇಲೆಯೇ 2004ರ ಅಕ್ಟೋಬರಿನಲ್ಲಿ ಉಬುಂಟು ಹೊರಬಂದಿತು. ಎಲ್ಲವೂ ಒಂದೇ ಸಿ.ಡಿ.ಯಲ್ಲಿ, ಪತ್ರ ಬರೆಯಲು, ಚಿತ್ರ ನೋಡಲು, ಒಂದೊಂದು ಕಾರ್ಯಕ್ಕೆ ಆರಿಸಿಟ್ಟ ಒಂದೊಂದೇ ಉಪಕರಣ. ಕೇಳಿದವರಿಗೆ 2011ರವರೆಗೂ ಆ ಸಿ.ಡಿ.ಯನ್ನು ಅಂಚೆಯ ಮೂಲಕ ಉಚಿತವಾಗಿ ಕಳುಹಿಸಲಾಗುತ್ತಿದ್ದಿತು.

ಬಲ್ಲವರಲ್ಲಿ ಕೆಲವರಿಗೆ ಇಂತಹ ಸೌಲಭ್ಯವು ರುಚಿಸದು. ಆಯ್ದುಕೊಳ್ಳುವ ಶ್ರಮವನ್ನು ತಪ್ಪಿಸಿದವನು ಅರಿಯುವ ಸಂದರ್ಭವನ್ನೂ ತಪ್ಪಿಸಿದನೆಂಬುದು ಅವರ ವಾದ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಯಂತ್ರದೊಳಗಿನ ವ್ಯಾಪಾರವನ್ನು ಎಂದೂ ಕಾಣದವನು, ಅದು ಕೆಟ್ಟು ನಿಂತ ದಿನ ಪರಾಧೀನನಾಗುವನು. ಸ್ವಾತಂತ್ರ್ಯವನ್ನು ಕೊಡಬಂದ ತಂತ್ರವು ಹೊಸದೊಂದು ಪರಾಧೀನತೆಯನ್ನು ತಂದರೆ ಫಲವೇನು?

ಇಲ್ಲಿ ನಮ್ಮ ಹಿರಿಯರ ಅರುಂಧತೀನ್ಯಾಯವು ದಾರಿ ತೋರುವುದು. ನವವಧುವಿಗೆ ಅರುಂಧತಿಯನ್ನು ತೋರಿಸುವವನು ಮೊದಲು ಸಮೀಪದ ಸ್ಥೂಲತಾರೆಯನ್ನು ತೋರಿಸಿ, ಬಳಿಕ ದೃಷ್ಟಿಯನ್ನು ಸೂಕ್ಷ್ಮವಾದುದರ ಕಡೆಗೆ ಒಯ್ಯುವನು. ಮೊದಲಿನದು ಸುಳ್ಳಲ್ಲ, ಸೋಪಾನ. ಅಲ್ಲಿಯೇ ನಿಲ್ಲಿಸಿಬಿಟ್ಟರೆ ಮಾತ್ರ ಸುಳ್ಳಾಗುವುದು.

ಉಬುಂಟುವಿನ ಒಂದು ಏರ್ಪಾಡನ್ನು ಈ ಒರೆಗಲ್ಲಿಗೆ ಹಚ್ಚಬಹುದು. ಲಿನಕ್ಸಿನಲ್ಲಿ ರೂಟ್ ಎಂಬ ಸರ್ವಾಧಿಕಾರಿಯ ಪದವಿಯುಂಟು. ಅಲ್ಲಿಂದ ಹೊರಟ ಒಂದು ತಪ್ಪು ಆಜ್ಞೆಯು ಇಡೀ ವ್ಯವಸ್ಥೆಯನ್ನು ಅಳಿಸಬಲ್ಲದು. ಉಬುಂಟು ಆ ಪದವಿಗೆ ನೇರಪ್ರವೇಶವನ್ನು ಮುಚ್ಚಿತು. ಆದರೆ ಒಡೆಯನನ್ನು ಹೊರಗಿಡಲಿಲ್ಲ. ಅವನು ತನ್ನ ಗುಪ್ತಪದವನ್ನೇ ಹೇಳಿ, ಬೇಕಾದ ಕಾರ್ಯಕ್ಕೆ ಬೇಕಾದಷ್ಟು ಅಧಿಕಾರವನ್ನು ಪಡೆಯುವನು. ಇದು ಅಪಾಯವನ್ನು ಬಚ್ಚಿಡುವುದಲ್ಲ, ಹೊಸಿಲಿನಲ್ಲಿ ತಡೆದು ಎಚ್ಚರಿಸುವುದು.

ಇದಕ್ಕಿಂತ ಜಟಿಲವಾದ ಪ್ರಸಂಗವು ಡೆಬಿಯನ್ನಿಗೇ ಒದಗಿತು. ನಿಸ್ತಂತು ಜಾಲದ ಅನೇಕ ಉಪಾಂಗಗಳು, ತಯಾರಕರು ಮೂಲಲಿಪಿಯನ್ನು ಕೊಡದ ಫರ್ಮ್‌ವೇರ್ ಇಲ್ಲದೆ ಎಚ್ಚರಗೊಳ್ಳವು. ಅದನ್ನು ಸೇರಿಸಿದರೆ ತತ್ತ್ವಕ್ಕೆ ಭಂಗ. ಬಿಟ್ಟರೆ ಹೊಸಬನು ಬಾಗಿಲಿನಿಂದಲೇ ಹಿಂದಿರುಗುವನು. 2022ರಲ್ಲಿ ಸದಸ್ಯರು ಮತವಿತ್ತು, ಸೇರಿಸುವುದೆಂದೂ, ಬಳಕೆದಾರನಿಗೆ ಅದನ್ನು ತಿಳಿಸಿ, ಸಾಧ್ಯವಾದಲ್ಲಿ ಬೇಡವೆನ್ನುವ ಮಾರ್ಗವನ್ನೂ ಇಡುವುದೆಂದೂ ನಿರ್ಣಯಿಸಿದರು. ತತ್ತ್ವವು ತುಸು ಬಾಗಿತು, ಸತ್ಯವು ಬಾಗಲಿಲ್ಲ.

ಆದಕಾರಣ ಸುಗಮಗೊಳಿಸುವವನ ಧರ್ಮವು ಇಷ್ಟು: ಹೊಸಬನ ಪರವಾಗಿ ತಾನು ಆರಿಸಿದುದನ್ನು ಮುಚ್ಚಿಡಬಾರದು, ಒಳಗಿನ ಬಾಗಿಲಿಗೆ ಬೀಗವಿಕ್ಕಬಾರದು. ಆ ಬಾಗಿಲನ್ನು ಹಲವರು ಎಂದಿಗೂ ತೆರೆಯದೆ ಇರಬಹುದು. ಆದರೂ ತೆರೆಯಬಯಸಿದ ಒಬ್ಬನಿಗಾಗಿ ಅದು ತೆರೆಯುವಂತಿರಬೇಕು.