ಗುಟ್ಟಿನ ಒಡೆತನ

ಮಾರುಕಟ್ಟೆಗೆ ಇನ್ನೂ ಬಾರದ ಸ್ಮಾರ್ಟ್‌ಫೋನಿನ ರೂಪ, ಗಾತ್ರ, ಕ್ಯಾಮೆರಾಗಳ ಸಂಖ್ಯೆ, ಬೆಲೆ ಇವೆಲ್ಲವೂ ಅದನ್ನು ತಯಾರಿಸುವವರ ಬಾಯಿಂದ ಹೊರಡುವುದಕ್ಕೆ ಮುಂಚೆಯೇ ಲೋಕಕ್ಕೆ ತಿಳಿದುಹೋಗುವುದು ಈ ಕಾಲದ ಒಂದು ವಾಡಿಕೆಯಾಗಿದೆ. ಬಿಡುಗಡೆಯ ದಿನ ಸಮೀಪಿಸಿದಂತೆಲ್ಲ ಇಂಥ ಸುದ್ದಿಗಳು ಹೆಚ್ಚುತ್ತವೆ. ಓದುವವರು ಅವನ್ನು ಹಬ್ಬದಡಿಗೆಯ ಒಗ್ಗರಣೆಯ ಕಂಪಿನಂತೆ ಸವಿಯುತ್ತಾರೆ. ಎರಡು ತಿಂಗಳಾದ ಮೇಲೆ ಎಲ್ಲರಿಗೂ ತಿಳಿಯತಕ್ಕುದನ್ನು ಇಂದೇ ತಿಳಿಸಿದರೆ ಯಾರ ಗಂಟೇನು ಹೋಯಿತು, ಇದರಲ್ಲಿ ಧರ್ಮಾಧರ್ಮದ ಮಾತೇನು ಬಂದಿತು ಎಂದು ಕೇಳುವವರುಂಟು. ಪ್ರಶ್ನೆಯು ಹಗುರವಾಗಿ ಕಂಡರೂ ಅದರ ಅಡಿಯಲ್ಲಿ ಹಗುರವಲ್ಲದ ಒಂದು ವಿಷಯವು ಅಡಗಿದೆ. ನಂಬಿ ಕೈಯಲ್ಲಿಟ್ಟ ವಸ್ತುವಿಗೆ ಒಡೆಯನಿರುವಂತೆ, ನಂಬಿ ಹೇಳಿದ ಮಾತಿಗೂ ಒಡೆಯನಿರುವನೇ ಎಂಬುದೇ ಅದು.

ಇದನ್ನು ಬರಿಯ ತರ್ಕದಿಂದ ವಿಚಾರಿಸುವುದಕ್ಕಿಂತ ನಡೆದುಹೋದ ಒಂದು ಸಂಗತಿಯನ್ನು ಹಿಡಿದು ವಿಚಾರಿಸುವುದು ಲೇಸು. 2010ನೆಯ ಇಸವಿಯ ಮಾರ್ಚ್ 18ರ ರಾತ್ರಿ ಅಮೆರಿಕದ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿ ಎಂಬ ಊರಿನ ಪಾನಗೃಹವೊಂದರಲ್ಲಿ ಆಪಲ್ ಕಂಪೆನಿಯ ತರುಣ ಇಂಜಿನಿಯರೊಬ್ಬನು ಒಂದು ಫೋನನ್ನು ಮರೆತುಬಿಟ್ಟು ಬಂದನು. ಅದು ಪರೀಕ್ಷೆಗಾಗಿ ಆತನ ಕೈಗೆ ಕೊಟ್ಟಿದ್ದ, ಇನ್ನೂ ಪ್ರಕಟವಾಗದಿದ್ದ ಐಫೋನ್ 4. ಕಂಡವರಿಗೆ ಗುರುತು ಸಿಕ್ಕದಿರಲೆಂದು ಹಳೆಯ ಐಫೋನಿನಂತೆ ತೋರುವ ಕವಚವನ್ನು ಅದಕ್ಕೆ ತೊಡಿಸಿದ್ದರು. ಅದು ಸಿಕ್ಕಿದವನು ಕವಚವನ್ನು ಕಳಚಿ ನೋಡಿದನು. ಇದು ಬೇರೆ ಎಂದು ತಿಳಿಯಿತು. ಅಷ್ಟರಲ್ಲಿ ಕಂಪೆನಿಯವರು ದೂರದಿಂದಲೇ ಫೋನಿನೊಳಗಿದ್ದುದನ್ನೆಲ್ಲ ಅಳಿಸಿದ್ದರು. ಗಿಜ್ಮೋಡೋ ಎಂಬ ಅಂತರ್ಜಾಲ ಪತ್ರಿಕೆಯವರು 5,000 ಡಾಲರುಗಳನ್ನು ಕೊಟ್ಟು ಅದನ್ನು ಕೊಂಡು, ಬಿಚ್ಚಿ, ಚಿತ್ರಗಳನ್ನು ತೆಗೆದು, ಏಪ್ರಿಲ್ 19ರಂದು ಸಮಸ್ತ ಲೋಕಕ್ಕೂ ತೋರಿಸಿದರು. ಕಂಪೆನಿಯವರು ತಾವಾಗಿ ಅದನ್ನು ಪ್ರಕಟಿಸಿದ್ದು ಜೂನ್ 7ರಂದು.

ಕಂಪೆನಿಯ ಸಹಾಯವಾಣಿಗೆ ತಿಳಿಸುವ ಪ್ರಯತ್ನ ನಡೆದಿತ್ತೆಂದೂ ಅಲ್ಲಿ ಯಾರೂ ಕಿವಿಗೊಡಲಿಲ್ಲವೆಂದೂ ಕೊಂಡ ಪತ್ರಿಕೆಯವರು ಬರೆದರು. ಹಾಗಿದ್ದರೂ, ಮರೆತ ವಸ್ತುವನ್ನು ಪಾನಗೃಹದ ಯಜಮಾನನ ಕೈಯಲ್ಲಿ ಕೊಟ್ಟುಬರುವುದಕ್ಕೆ ಯಾವ ಸಹಾಯವಾಣಿ ಬೇಕು? ಕಳೆದುಕೊಂಡವನು ಅಲ್ಲಿಗೆ ಮತ್ತೆ ಮತ್ತೆ ಟೆಲಿಫೋನು ಮಾಡಿ ವಿಚಾರಿಸುತ್ತಲೇ ಇದ್ದನು. ಒಡೆಯನನ್ನು ಹುಡುಕಲು ದಾರಿಯಿದ್ದೂ ಹುಡುಕದೆ ಸಿಕ್ಕಿದ ವಸ್ತುವನ್ನು ತನ್ನದಾಗಿಸಿಕೊಂಡರೆ ಅದು ಕಳವೇ ಎಂದು ಕ್ಯಾಲಿಫೋರ್ನಿಯಾದ ಕಾನೂನು ಹೇಳುತ್ತದೆ. ಇದರಲ್ಲಿ ಹೊಸದೇನೂ ಇಲ್ಲ. ಒಡೆಯನು ತಿಳಿಯದ ವಸ್ತುವನ್ನು ರಾಜನು ಮೂರು ವರ್ಷ ಕಾದಿರಿಸಬೇಕೆಂಬುದೂ, ತನ್ನದೆಂದು ಬಂದವನು ಅದರ ರೂಪವನ್ನೂ ಸಂಖ್ಯೆಯನ್ನೂ ಸರಿಯಾಗಿ ಹೇಳಬೇಕೆಂಬುದೂ ಮನುಸ್ಮೃತಿಯ ವಿಧಿ.

ಆದರೆ ಈ ಸಂಗತಿಗೆ ಇನ್ನೂ ಹತ್ತಿರವಾದ ಮಾತು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿದೆ. ಒಳಗಿರುವುದು ಇಂಥದೆಂದು ಹೇಳದೆ, ಪೆಟ್ಟಿಗೆಯಲ್ಲಿಟ್ಟು ಇನ್ನೊಬ್ಬನ ಕೈಗೆ ಒಪ್ಪಿಸಿದ ದ್ರವ್ಯಕ್ಕೆ ಉಪನಿಧಿಯೆಂದು ಹೆಸರು. ಅದನ್ನು ಕೊಟ್ಟಂತೆಯೇ ಹಿಂದಿರುಗಿಸಬೇಕು. ಈ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು; ಆ ಕಲ್ಯಾಣವೇ ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣ. ರೂಪ, ಸಂಖ್ಯೆ ಮೊದಲಾದುವನ್ನು ತಿಳಿಸದೆ ಮುದ್ರೆಯೊತ್ತಿ ಕೊಟ್ಟುದು ಉಪನಿಧಿಯೆಂದು ಅವನು ಬಿಡಿಸಿ ಹೇಳುತ್ತಾನೆ. ರೂಪ ಮತ್ತು ಸಂಖ್ಯೆ! ಇಂದಿನ ಫೋನಿನ ಗುಟ್ಟೆಂಬುದೂ ಇವೆರಡಲ್ಲದೆ ಬೇರೇನೂ ಅಲ್ಲ. ಕಂಪೆನಿಯು ಬೇಡಿದ ಮೇಲೆ ಪತ್ರಿಕೆಯವರು ಫೋನನ್ನು ಹಿಂದಿರುಗಿಸಿದರು. ಆದರೆ ಕೊಟ್ಟಂತೆಯೇ ಹಿಂದಿರುಗಿಸುವುದು ಆಗಲೇ ಅಸಾಧ್ಯವಾಗಿದ್ದಿತು. ಪೆಟ್ಟಿಗೆಯನ್ನು ಮತ್ತೆ ಮುಚ್ಚಬಹುದು, ಕಂಡುದನ್ನು ಕಾಣದಂತೆ ಮಾಡಲಾಗದು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ನಿಜವನ್ನು ಹೇಳುವುದು ಪತ್ರಿಕೆಯ ಧರ್ಮ; ಬಲಿಷ್ಠನಾದ ವ್ಯಾಪಾರಿಯು ಬೇಡವೆಂದ ಮಾತ್ರಕ್ಕೆ ನಿಜವು ಬಾಯಿ ಮುಚ್ಚಿಕೊಳ್ಳಬೇಕೇ? ಈ ವಾದವನ್ನು ತಳ್ಳಿಹಾಕುವಂತಿಲ್ಲ. ಇದೇ ಆಪಲ್ ಕಂಪೆನಿಯು ತಯಾರಿಸುತ್ತಿದ್ದ ಸಂಗೀತಸಾಧನವೊಂದರ ಸುದ್ದಿ ಮುಂಚೆಯೇ ಹೊರಬಿದ್ದಾಗ, ತಿಳಿಸಿದವರ ಹೆಸರನ್ನು ಹೇಳೆಂದು ಬರೆದವರನ್ನು ಬಲಾತ್ಕರಿಸಲಾಗದೆಂದು ಕ್ಯಾಲಿಫೋರ್ನಿಯಾದ ಅಪೀಲು ಕೋರ್ಟು 2006ರಲ್ಲಿ ತೀರ್ಪಿತ್ತಿತು. ಆ ತೀರ್ಪು ಯುಕ್ತವೇ. ಆದರೆ ರಾಜದಂಡವು ಮುಟ್ಟಬಾರದ ಕೆಲಸವೆಲ್ಲವೂ ಮಾಡತಕ್ಕ ಕೆಲಸವೆಂದಾಗಲಿಲ್ಲ. ಹೇಳಿದ ನಿಜದಿಂದ ಕೇಳಿದವನಿಗೆ ಯಾವ ಕೇಡು ತಪ್ಪಿತು ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಐಫೋನ್ 4ರ ವಿಷಯದಲ್ಲಿ ಇದಕ್ಕೆ ದೊರೆಯುವ ಉತ್ತರವು ವಿಚಿತ್ರವಾಗಿದೆ. ಅದರ ಸುತ್ತಲಿನ ಉಕ್ಕಿನ ಪಟ್ಟಿಯೇ ಅದರ ಆಂಟೆನಾ. ಎಡಗಡೆಯ ಕೆಳಮೂಲೆಯಲ್ಲಿ ಅಂಗೈ ತಗುಲಿದರೆ ಸಂಕೇತವು ಕುಗ್ಗುತ್ತಿದ್ದಿತು. ಕೊಳ್ಳುವವನಿಗೆ ತಿಳಿಯಬೇಕಾಗಿದ್ದ ನಿಜವೆಂದರೆ ಇದು. ಏಪ್ರಿಲಿನಲ್ಲಿ ಫೋನಿನ ಹೊರಗನ್ನೂ ಒಳಗನ್ನೂ ಬಿಚ್ಚಿಟ್ಟವರಿಂದ ಈ ನಿಜ ಹೊರಡಲಿಲ್ಲ. ಜೂನಿನಲ್ಲಿ ಹಣ ಕೊಟ್ಟು ಕೊಂಡವರ ಅಂಗೈಯೇ ಅದನ್ನು ಕಂಡುಹಿಡಿಯಬೇಕಾಯಿತು. ಜುಲೈ 16ರಂದು ಸ್ಟೀವ್ ಜಾಬ್ಸರು ಕೊಂಡವರಿಗೆಲ್ಲ ಕವಚವೊಂದನ್ನು ಬಿಟ್ಟಿಯಾಗಿ ಕೊಡುವೆವೆಂದು ಸಾರಿದರು. ಕವಚದೊಳಗೆ ಅಡಗಿ ಹೊರಟಿದ್ದ ಫೋನು ಕೊನೆಗೆ ಕವಚವನ್ನೇ ಬೇಡಿತು! 2016ರಲ್ಲಿ ಸ್ಯಾಮ್‌ಸಂಗ್ ಕಂಪೆನಿಯ ಗ್ಯಾಲಕ್ಸಿ ನೋಟ್ 7ರ ಬ್ಯಾಟರಿಗಳು ಬೆಂಕಿ ಹತ್ತಿಕೊಂಡು, ಆಗಸ್ಟಿನಲ್ಲಿ ಮಾರಾಟಕ್ಕಿಟ್ಟುದನ್ನು ಅಕ್ಟೋಬರಿನಲ್ಲಿ ಪೂರ್ತಿಯಾಗಿ ನಿಲ್ಲಿಸಬೇಕಾಯಿತು. ಅಂಥ ದೋಷವನ್ನು ಮೊದಲೇ ಅರಿತವನೊಬ್ಬನಿದ್ದು ಗುಟ್ಟನ್ನು ಒಡೆದಿದ್ದರೆ ಅವನನ್ನು ವಿಶ್ವಾಸಘಾತಕನೆನ್ನುವವರು ಯಾರು? ಅಂಥ ಗುಟ್ಟಿಗೆ ಒಡೆತನವೇ ಇಲ್ಲ. ಬಣ್ಣವೆಷ್ಟು, ಕ್ಯಾಮೆರಾವೆಷ್ಟು ಎಂಬುದಕ್ಕೆ ಉಂಟು.

ಹಾಗೆಂದು ಕಂಪೆನಿಗಳ ಗುಟ್ಟನ್ನು ರಾಜ್ಯದ ಮಂತ್ರಾಲೋಚನೆಗೆ ಸಮನಾಗಿ ಕೂರಿಸುವುದೂ ತಕ್ಕುದಲ್ಲ. ಗಿಳಿ, ಗೊರವಂಕಗಳಿಂದಲೂ ನಾಯಿಗಳಿಂದಲೂ ಮಂತ್ರವು ಬಯಲಾದುದುಂಟೆಂದು ಕೌಟಿಲ್ಯನು ಎಚ್ಚರಿಸಿದುದು ರಾಜ್ಯದ ಅಳಿವು ಉಳಿವನ್ನು ಕುರಿತು. ಫೋನಿನ ಗುಟ್ಟಾದರೋ ಹೆಚ್ಚಿನ ಪಾಲು ನಾಟಕದ ತೆರೆಯಂಥದು. ಸಮಯಕ್ಕೆ ಸರಿದರೆ ಚಪ್ಪಾಳೆ ಹೆಚ್ಚು. ಗೂಗಲ್ ಕಂಪೆನಿಯವರು 2019ರ ಜೂನಿನಲ್ಲಿ, ತಮ್ಮ ಪಿಕ್ಸೆಲ್ 4ರ ಚಿತ್ರಗಳು ಎಲ್ಲೆಲ್ಲೂ ಹರಿದಾಡಿದುದನ್ನು ಕಂಡು, ಬಿಡುಗಡೆಗೆ ತಿಂಗಳುಗಳಿರುವಾಗಲೇ ತಾವಾಗಿ ಅದರ ಚಿತ್ರವನ್ನು ಹೊರಗಿಟ್ಟರು. ಆಕಾಶವೇನೂ ಕಳಚಿ ಬೀಳಲಿಲ್ಲ. 2010ರ ಏಪ್ರಿಲ್ 23ರಂದು ಪೋಲೀಸಿನವರು ಪತ್ರಿಕೆಯ ಸಂಪಾದಕನೊಬ್ಬನ ಮನೆಯ ಬಾಗಿಲನ್ನು ಮುರಿದು ಕಂಪ್ಯೂಟರುಗಳನ್ನು ಹೊತ್ತುಕೊಂಡು ಹೋದುದು ಅಪರಾಧಕ್ಕೆ ಮೀರಿದ ಆಟೋಪವೆಂದೇ ತೋರುತ್ತದೆ. ಹಿಂದಿನ ವರ್ಷ 29 ಮಂದಿ ಗುಟ್ಟುಮುರುಕರನ್ನು ಹಿಡಿದೆವು, ಅವರಲ್ಲಿ 12 ಮಂದಿ ದಸ್ತಗಿರಿಯಾದರು ಎಂದು 2018ರಲ್ಲಿ ಆಪಲ್ ಕಂಪೆನಿಯವರು ತಮ್ಮ ನೌಕರರಿಗೆ ಒಂದು ಎಚ್ಚರಿಕೆಯ ಪತ್ರವನ್ನು ಬರೆದರು. ಆ ಪತ್ರವೂ ಹೊರಬಿದ್ದಿತು.

ಇಷ್ಟೆಲ್ಲದರಲ್ಲಿ ನಿಜವಾದ ಭಾರವು ಬೀಳುವುದು ಎಲ್ಲಿ ಎಂಬುದನ್ನು ನೋಡಬೇಕು. 2017ರಲ್ಲಿ ಆಪಲ್ ಕಂಪೆನಿಯ ಇಂಜಿನಿಯರೊಬ್ಬರ ಮಗಳು ತಂದೆಯನ್ನು ನೋಡಲು ಕಚೇರಿಗೆ ಹೋಗಿ, ಮಾರಾಟಕ್ಕೆ ಇನ್ನೂ ಬಾರದಿದ್ದ ಐಫೋನ್ ಎಕ್ಸನ್ನು ಕೈಯಲ್ಲಿ ಹಿಡಿದು ಚಲಚ್ಚಿತ್ರ ತೆಗೆದು ಎಲ್ಲರಿಗೂ ತೋರಿಸಿದಳು. ಫೋನು ಪ್ರಕಟವಾಗಿ ವಾರಗಳೇ ಕಳೆದಿದ್ದುವು. ಹುಡುಗಿಯ ಮನಸ್ಸಿನಲ್ಲಿ ದ್ರೋಹವಿರಲಿಲ್ಲ. ತಂದೆಯ ಕೆಲಸ ಹೋಯಿತು. ನಿಯಮವನ್ನು ಮುರಿದುದು ದಿಟ. ಆದರೆ ವಂಚನೆಗೂ ಅಜಾಗರೂಕತೆಗೂ ಒಂದೇ ದಂಡವಾದರೆ ತಕ್ಕಡಿಯಿಟ್ಟುಕೊಂಡು ಫಲವೇನು? ಇಂಥ ಫೋನುಗಳನ್ನು ಜೋಡಿಸುವ ಕಾರ್ಖಾನೆಯೊಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿಯೂ ಇದೆ. ವಿಸ್ಟ್ರಾನ್ ಕಂಪೆನಿಯದಾಗಿದ್ದ ಅದನ್ನು 2023ರಲ್ಲಿ ಟಾಟಾದವರು ಕೊಂಡರು. ತಿಂಗಳ ಸಂಬಳಕ್ಕೆ ಅಲ್ಲಿ ದುಡಿಯುವ ಹೆಣ್ಣುಮಕ್ಕಳ ಕೈಯಲ್ಲಿ ಹಾದುಹೋಗುವುದೂ ಉಪನಿಧಿಯೇ. ಆದುದರಿಂದ ಈ ಮಾತು ದೂರದೇಶದ ಕಥೆಯಾಗಿ ಉಳಿದಿಲ್ಲ.

ರೆಡ್‌ವುಡ್ ಸಿಟಿಯ ಪ್ರಸಂಗದಲ್ಲಿ ಪತ್ರಿಕೆಯವರು ಮಾಡಿದುದರಲ್ಲೆಲ್ಲ ಮನ್ನಿಸಲಾಗದುದು ಫೋನಿನ ಚಿತ್ರವಲ್ಲ. ಮರೆತುಬಂದ ಇಂಜಿನಿಯರಿನ ಹೆಸರನ್ನೂ ಮುಖವನ್ನೂ ಅವರು ಅಚ್ಚುಹಾಕಿದರು. ಅದರಿಂದ ಯಾವ ಓದುಗನಿಗೂ ಎಳ್ಳಷ್ಟು ಪ್ರಯೋಜನವಿರಲಿಲ್ಲ. ಫೋನಿನ ಕಥೆಗೆ ಆ ಹೆಸರು ಬೇಕಾಗಿಯೂ ಇರಲಿಲ್ಲ. ಕಂಪೆನಿಯ ಗುಟ್ಟಿಗೆ ಜೂನ್ 7ರ ವರೆಗೆ ಮಾತ್ರ ಆಯುಸ್ಸು. ಒಬ್ಬ ಮನುಷ್ಯನ ಮರೆವನ್ನು ಗುಟ್ಟಾಗಿಡಬೇಕಾದ ಅವಧಿಗೆ ಅಂಥ ಗಡುವಿಲ್ಲ.

2011ರಲ್ಲಿ ವ್ಯಾಜ್ಯವು ಮುಗಿಯಿತು. ಪತ್ರಿಕೆಯವರ ಮೇಲೆ ಆಪಾದನೆ ಹೊರಿಸುವುದಿಲ್ಲವೆಂದು ಸರ್ಕಾರದ ವಕೀಲರು ಆಗಸ್ಟಿನಲ್ಲಿ ತಿಳಿಸಿದರು. ಫೋನನ್ನು ಮಾರಿದ ಇಬ್ಬರು ತರುಣರು ಅಕ್ಟೋಬರಿನಲ್ಲಿ ಕಳವಿನ ಆಪಾದನೆಗೆ ಎದುರಾಡದೆ ನಿಂತರು. ಅವರಿಗೆ ಒಂದು ವರ್ಷದ ಸನ್ನಡತೆಯ ನಿರ್ಬಂಧ, 40 ಗಂಟೆಗಳ ಸಮಾಜಸೇವೆ, ಕಂಪೆನಿಗೆ ತಲಾ 250 ಡಾಲರುಗಳ ಪರಿಹಾರ ಎಂದು ತೀರ್ಪಾಯಿತು. ಇಂಜಿನಿಯರಿನ ಹೆಸರು ಈಗಲೂ ಹುಡುಕಿದವರಿಗೆಲ್ಲ ಸಿಕ್ಕುತ್ತದೆ.